ನೆರೆ ಇಳಿದ ಮೇಲಿನ ಮೂರನೆಯ ತಿಂಗಳು

ಎಲ್ಲರಿಗೂ ಶರಣು ಶರಣಾರ್ಥಿ.

ಗದಗ ಜಿಲ್ಲೆಯಲ್ಲಿ ನೆರೆಯ ಬಗ್ಗೆ ಉಪನ್ಯಾಸ ಅಂದರೆ ಹೊರಗಿನವರಿಗೆ ಸೋಜಿಗವಾದೀತು. ನಮ್ಮದು ಮಳೆಗಾಗಿ ಗುರ್ಜಿ ಆಡುವ ಸೀಮೆ. ಆದರೆ ನರಗುಂದ, ರೋಣ ತಾಲ್ಲೂಕುಗಳ ಹೊಳೆದಂಡೆಯವರಿಗೆ 2009 ಮತ್ತು 2019 ಮರೆಯುವ ವರ್ಷಗಳಲ್ಲ. ಮಲಪ್ರಭೆ ಹುಟ್ಟುವುದು ಖಾನಾಪುರದ ಕಣಕುಂಬಿಯಲ್ಲಿ. ಅಲ್ಲಿ ಮಳೆ ಹಿಡಿದು, ನವಿಲುತೀರ್ಥದ ಜಲಾಶಯ ತುಂಬಿ, ಗೇಟು ತೆರೆದರೆ ಕೊಣ್ಣೂರು, ಲಖಮಾಪುರ, ಹೊಳೆಆಲೂರಿನವರು ತಮ್ಮೂರಲ್ಲಿ ಹನಿ ಬೀಳದಿದ್ದರೂ ಗಂಟುಮೂಟೆ ಕಟ್ಟಬೇಕು. ಬೆಣ್ಣೆಹಳ್ಳದ ಸ್ವಭಾವವೇ ಬೇರೆ. ಶಿಗ್ಗಾವಿ ಕಡೆಯಿಂದ ಕುಂದಗೋಳ, ನವಲಗುಂದದ ಎರೆಹೊಲಗಳ ನೀರನ್ನೆಲ್ಲ ಬಳಿದುಕೊಂಡು ಬರುವ ಅದು ಹೆಚ್ಚು ಹೊತ್ತು ಕೊಡುವುದಿಲ್ಲ.

ನೀರು ಬಂದ ವಾರ ನಮ್ಮ ನಾಡಿನ ಮನಸ್ಸು ಎಷ್ಟು ದೊಡ್ಡದು ಎಂಬುದನ್ನು ನಾವೆಲ್ಲ ನೋಡಿದ್ದೇವೆ. 2019ರಲ್ಲಿ ಹೊಳೆ ಕಾಣದ ಊರುಗಳಲ್ಲೂ ಮನೆಮನೆಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೂಡಿಸಿ ಕಳಿಸಿದರು. ಮಠಗಳು ಬಾಗಿಲು ತೆರೆದವು. ಆ ವಾರದ ಬಗ್ಗೆ ನನಗೆ ಚಿಂತೆಯಿಲ್ಲ. ನನ್ನ ಚಿಂತೆ ಮೂರನೆಯ ತಿಂಗಳದ್ದು.

ಆಗ ಕಾಳಜಿ ಕೇಂದ್ರ ಮುಚ್ಚಿರುತ್ತದೆ. ರೊಟ್ಟಿ ತಂದ ಗಾಡಿಗಳು ತಿರುಗಿ ಹೋಗಿರುತ್ತವೆ. ನೀರಲ್ಲಿ ನಿಂತಾಗ ತಾಳಿದ್ದ ಮಣ್ಣಿನ ಗೋಡೆ, ನೀರಿಳಿದು ಬಿಸಿಲು ಬಿದ್ದ ಮೇಲೆ ಬಿರುಕು ಬಿಟ್ಟು ಕುಸಿಯುತ್ತದೆ. ಪರಿಹಾರದ ಪಂಚನಾಮೆ ಆಗಲೇ ಮುಗಿದುಹೋಗಿದ್ದರೆ ಆ ಗೋಡೆಯನ್ನು ಯಾರಿಗೆ ತೋರಿಸುವುದು? ಮನೆಯ ಉತಾರ ಇನ್ನೂ ತೀರಿಹೋದ ಮಾವನ ಹೆಸರಿನಲ್ಲೇ ಇದೆ. ವಿಧವೆ ಸೊಸೆ ಕಚೇರಿಗೆ ಅಲೆಯುತ್ತಾಳೆ. ಹೊಲದ ತುಂಬ ಉಸುಕು. ಇಂಥ ಹೊತ್ತಿನಲ್ಲಿ ಬಂದು "ಧೈರ್ಯ ತಗೋರಿ, ಎಲ್ಲಾ ಚೊಲೋ ಆಗ್ತೈತಿ" ಅಂದು ಹೋಗುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಧೈರ್ಯ ಹಾಗೆ ಕೈಗೆ ಕೊಡುವ ವಸ್ತುವಲ್ಲ. ನಾಲ್ಕು ಜನ ಸಲಿಕೆ ಹಿಡಿದು ಹೊಲಕ್ಕಿಳಿದು, ಉಸುಕು ತೆಗೆದು, ಹಿಂಗಾರಿಗೆ ಕಡಲೆ ಬಿತ್ತಿಸಿದರೆ ಮನುಷ್ಯನ ಮುಖ ತಾನೇ ಗೆಲುವಾಗುತ್ತದೆ. ಮುಯ್ಯಾಳು ಪದ್ಧತಿ ನಮ್ಮಲ್ಲಿ ಪೂರ್ತಿ ಸತ್ತಿಲ್ಲ. ಇಂದು ನಿನ್ನ ಹೊಲ, ನಾಳೆ ನನ್ನದು. ಸಾಲವೂ ಅಲ್ಲ, ದಾನವೂ ಅಲ್ಲ. ಹಾಗಾಗಿ ಯಾರೂ ತಲೆ ತಗ್ಗಿಸಬೇಕಿಲ್ಲ.

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರ 2005ರಲ್ಲಿ ಕತ್ರಿನಾ ಚಂಡಮಾರುತಕ್ಕೆ ಮುಳುಗಿತು. ಊರಿನ ಪೂರ್ವದ ಅಂಚಿನಲ್ಲಿ ವಿಯೆಟ್ನಾಮಿನಿಂದ ಬಂದು ನೆಲೆಸಿದವರ ಕೇರಿಯೊಂದಿತ್ತು. ಅವರೇನೂ ಸಿರಿವಂತರಲ್ಲ. ಆದರೂ ಉಳಿದ ಎಷ್ಟೋ ಬಡಾವಣೆಗಳಿಗಿಂತ ಮೊದಲು ಮರಳಿ ಬಂದರು, ಏಕೆಂದರೆ ಚದುರಿಹೋದವರು ಎಲ್ಲೆಲ್ಲಿದ್ದಾರೆ ಎಂಬುದನ್ನು ಅವರ ಚರ್ಚು ಹುಡುಕಿ ಹುಡುಕಿ ತಿಳಿದುಕೊಂಡಿತ್ತು. ಒಂಟಿಯಾಗಿ ಯಾರೂ ಬರಲಿಲ್ಲ, ಕೇರಿಯೇ ಬಂತು.

ಇದನ್ನು ನಮ್ಮ ಕಡೆಗೆ ಹೊಂದಿಸಿ ನೋಡಿ. 2009ರ ನಂತರ ಆಸರೆ ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ಮನೆಗಳು ಎದ್ದವು. ಎಷ್ಟೋ ಮನೆಗಳಿಗೆ ಜನ ಹೋಗಲಿಲ್ಲ. ಅವರನ್ನು ಹಟಮಾರಿಗಳು ಅಂದವರಿದ್ದಾರೆ. ನಾನು ಹಾಗೆ ಅನ್ನಲಾರೆ. ದನ ಕಟ್ಟಲು, ಕಣಕಿ ಒಟ್ಟಲು ಜಾಗವಿಲ್ಲ, ಹೊಲ ದೂರ, ಬಗಲಿನ ಮನೆಯವರು ಯಾರೋ ಗೊತ್ತಿಲ್ಲ. ಗೋಡೆ, ಚಾವಣಿಗಳ ಜೊತೆಗೆ ನೆರೆಹೊರೆಯನ್ನೂ ಎತ್ತಿಕೊಂಡು ಹೋಗುವ ವ್ಯವಸ್ಥೆ ಇರಬೇಕಿತ್ತು. ಇನ್ನು ಮುಂದೆ ಊರು ಸ್ಥಳಾಂತರದ ಮಾತು ಬಂದರೆ ಗ್ರಾಮಸಭೆಯಲ್ಲಿ ಮೊದಲು ಇದನ್ನೇ ಕೇಳಿ: ನಮ್ಮ ಓಣಿ ಓಣಿಯಾಗಿಯೇ ಉಳಿಯುತ್ತದೋ ಇಲ್ಲವೋ?

ಕೂಡಿ ನಿಲ್ಲುವುದು ಈ ಮಣ್ಣಿಗೆ ಹೊಸತಲ್ಲ. ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರಿ ಸಂಘ ಕಟ್ಟಿದರು. ಆಪತ್ತಿಗೆ ಸಾಹುಕಾರನ ಬಾಗಿಲು ಬಿಟ್ಟು ಬೇರೆ ಬಾಗಿಲು ಬೇಕೆಂದು ಕಟ್ಟಿದ ಸಂಸ್ಥೆ ಅದು.

ಎನ್‌ಎಸ್‌ಎಸ್ ವಿದ್ಯಾರ್ಥಿಗಳು ಇಲ್ಲಿ ಬಹಳ ಮಂದಿ ಕೂತಿದ್ದೀರಿ. ನೆರೆ ಬಂದ ವಾರ ಫೋಟೊ ತೆಗೆಯಲು ಎಲ್ಲರೂ ಇರುತ್ತಾರೆ. ನಿಮ್ಮ ಶಿಬಿರವನ್ನು ಮೂರನೆಯ ತಿಂಗಳಿಗೆ ಇಡಿ. ಶಾಲೆಯ ಗೋಡೆಗೆ ಸುಣ್ಣ ಹೊಡೆಯಿರಿ, ಬಾವಿ ಬಳಿಯಿರಿ, ಆ ಸೊಸೆಯ ಅರ್ಜಿ ಬರೆದುಕೊಡಿ, ಅವಳ ಜೊತೆ ತಹಶೀಲ್ದಾರ್ ಕಚೇರಿಗೆ ಹೋಗಿ ಕೂಡ್ರಿ. ಸಂಜೆ ಭಜನಾ ಪದದವರು ಮತ್ತೆ ಕೂಡುವಂತೆ ನೋಡಿಕೊಳ್ಳಿ. ಅತ್ತು ಹಗುರಾಗಲಿಕ್ಕೂ ಜನರ ನಡುವೆ ಒಂದು ಜಾಗ ಬೇಕು.

ತಾಯಂದಿರಲ್ಲಿ ಒಂದು ಕೇಳಿಕೆ. ನಿಮ್ಮ ಸ್ವಸಹಾಯ ಸಂಘ ವಾರಕ್ಕೊಮ್ಮೆ ಕೂಡುತ್ತದೆ. ಒಡಿಶಾದಲ್ಲಿ 1999ರ ಚಂಡಮಾರುತ ಸುಮಾರು ಹತ್ತು ಸಾವಿರ ಜೀವ ತೆಗೆದುಕೊಂಡಿತು. 2013ರ ಫೈಲಿನ್ ಹೊತ್ತಿಗೆ ಲಕ್ಷಾಂತರ ಜನರನ್ನು ಮೊದಲೇ ಸಾಗಿಸಿದ್ದರಿಂದ ಸಾವು ಕೆಲವು ಹತ್ತುಗಳಿಗೆ ಇಳಿಯಿತು. ಮುನ್ಸೂಚನೆ ಸುಧಾರಿಸಿತ್ತು, ನಿಜ. ಆದರೆ ಬಾಗಿಲು ಬಾಗಿಲಿಗೆ ಹೋಗಿ ಎಬ್ಬಿಸಲು ಊರಿನವರೇ ಬೇಕಾಗುತ್ತಾರೆ. ಬರುವ ಶ್ರಾವಣದೊಳಗೆ ಸಂಘದ ಪುಸ್ತಕದಲ್ಲಿ ಒಂದು ಹಾಳೆ ತೆಗೆದಿಡಿ: ಓಣಿಯಲ್ಲಿ ಹಾಸಿಗೆ ಹಿಡಿದ ಮುದುಕರು ಯಾರು, ದಿನ ತುಂಬಿದ ಬಸುರಿ ಯಾರು, ಅವರನ್ನು ಕರೆತರುವವರು ಯಾರು, ಯಾರ ಮನೆಯ ದನಗಳ ಕಣ್ಣಿ ಯಾರು ಬಿಚ್ಚಬೇಕು. ಹಾಳೆಯ ಒಂದು ಪ್ರತಿ ಪಂಚಾಯ್ತಿಗೂ ಕೊಡಿ.