ಹಳೆಯ ಕಂಪ್ಯೂಟರಿಗೆ ಹೊಸ ರ‍್ಯಾಮ್: ಮೊದಲು ಬೋರ್ಡಿನ ಹೆಸರು ಓದಿ

ಕೇಳುಗರಿಗೆ ನಮಸ್ಕಾರ. ಹತ್ತು ಹನ್ನೆರಡು ವರ್ಷ ಹಳೆಯದಾದ ಡೆಸ್ಕ್‌ಟಾಪ್ ಕಂಪ್ಯೂಟರನ್ನೇ ನೆಚ್ಚಿಕೊಂಡು ದಿನದ ಕೆಲಸ ನಡೆಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಡಿಟಿಪಿ ಅಂಗಡಿಯವರು, ಸಹಕಾರ ಸಂಘದಲ್ಲಿ ಲೆಕ್ಕ ನೋಡುವವರು, ಶಾಲೆಯ ಕಂಪ್ಯೂಟರ್ ಕೊಠಡಿಯ ಹೊಣೆ ಹೊತ್ತ ಶಿಕ್ಷಕರು, ಇವರೆಲ್ಲರಿಗಾಗಿ ಇಂದಿನ ಮಾತು. ಯಂತ್ರ ನಿಧಾನವಾಯಿತೆಂದು ಹೊಸ ರ‍್ಯಾಮ್, ಎಂದರೆ ಮೆಮೊರಿ ಪಟ್ಟಿ, ತಂದು ಹಾಕಿದರೆ ಪರದೆ ಕಪ್ಪಾಗಿ, ಒಳಗಿನಿಂದ ಬೀಪ್ ಬೀಪ್ ಎಂಬ ಸದ್ದು ಮಾತ್ರ ಬರುವ ತೊಂದರೆ ನಿಮ್ಮಲ್ಲಿ ಅನೇಕರಿಗೆ ಎದುರಾಗಿರುತ್ತದೆ. ಇದಕ್ಕೆ ನಾನು ಹೇಳುವ ಪರಿಹಾರ ಒಂದೇ: ಅಂಗಡಿಗೆ ಹೋಗುವ ಮೊದಲು ನಿಮ್ಮ ಮದರ್‌ಬೋರ್ಡಿನ, ಎಂದರೆ ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಫಲಕದ, ಹೆಸರನ್ನು ಓದಿ ಬರೆದುಕೊಳ್ಳಿ.

ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದರೆ ಬೋರ್ಡಿನ ಮೇಲೆಯೇ ಅದರ ಮಾದರಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಮುಚ್ಚಳ ತೆಗೆಯಲು ಮನಸ್ಸಿಲ್ಲದವರು ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ನೋಡಬಹುದು. ಆ ಹೆಸರನ್ನು ಹಿಡಿದು ಬೋರ್ಡ್ ತಯಾರಕರ ಜಾಲತಾಣದಿಂದ ಕೈಪಿಡಿಯನ್ನು ಇಳಿಸಿಕೊಂಡರೆ, ಯಾವ ತಲೆಮಾರಿನ ರ‍್ಯಾಮ್, ಅದು ಕೂರುವ ಒಂದು ಸ್ಲಾಟಿಗೆ ಎಷ್ಟು, ಒಟ್ಟು ಎಷ್ಟು ಎಂಬುದೆಲ್ಲ ಒಂದೇ ಪುಟದಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ಎಲ್ಲರೂ ಯಾವ ಕಂಪನಿ, ಎಷ್ಟು ಸ್ಪೀಡ್ ಎಂದು ವಿಚಾರಿಸುತ್ತಾರೆಯೇ ಹೊರತು, ಆ ಒಂದು ಪುಟವನ್ನು ಯಾರೂ ಓದಿ ಬಂದಿರುವುದಿಲ್ಲ.

ತಲೆಮಾರು ಎಂದೆ. ಡಿಡಿಆರ್2 ಮತ್ತು ಡಿಡಿಆರ್3 ಎರಡಕ್ಕೂ 240 ಪಿನ್‌ಗಳಿವೆ, ಉದ್ದವೂ ಒಂದೇ. ಆದರೆ ಮೊದಲನೆಯದು 1.8 ವೋಲ್ಟ್‌ನಲ್ಲಿ, ಎರಡನೆಯದು 1.5 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಒಂದರ ಜಾಗದಲ್ಲಿ ಇನ್ನೊಂದು ಕೂರಬಾರದೆಂದೇ ಕೆಳಗಿನ ಕಚ್ಚನ್ನು ಬೇರೆ ಬೇರೆ ಕಡೆ ಕೊಟ್ಟಿದ್ದಾರೆ. ಡಿಡಿಆರ್4ಕ್ಕೆ 288 ಪಿನ್, 1.2 ವೋಲ್ಟ್. ರ‍್ಯಾಮ್ ಸ್ಟಿಕ್ ಸಲೀಸಾಗಿ ಕೂರದಿದ್ದರೆ ದಯವಿಟ್ಟು ಹೆಬ್ಬೆರಳಿನಿಂದ ಒತ್ತಿ ಬಲವಂತ ಮಾಡಬೇಡಿ. ಅದು ಆ ಬೋರ್ಡಿನದಲ್ಲ.

ಕಚ್ಚು ಸರಿಯಾಗಿ ಕೂತರೂ ಯಂತ್ರ ಏಳದಿರುವುದುಂಟು, ನಿಜವಾದ ತೊಡಕು ಇರುವುದು ಅಲ್ಲಿಯೇ. ನಮ್ಮ ತಾಲ್ಲೂಕು ಕೇಂದ್ರದಲ್ಲಿ ಮದುವೆಯ ಕರೆಯೋಲೆಗಳನ್ನು ಸಿದ್ಧಪಡಿಸುವ ಒಂದು ಡಿಟಿಪಿ ಅಂಗಡಿ ಇದೆ. ಅದರ ಮಾಲೀಕರ ಕಂಪ್ಯೂಟರಿನಲ್ಲಿ ಒಂದೊಂದು ಜಿಬಿಯ ಎರಡು ಡಿಡಿಆರ್3 ಸ್ಟಿಕ್‌ಗಳಿದ್ದವು. ಲಗ್ನದ ದಿನಗಳಲ್ಲಿ ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯನ್ನೂ ಫೋಟೋಶಾಪನ್ನೂ ಒಟ್ಟಿಗೆ ತೆರೆದರೆ ಯಂತ್ರ ನಿಂತೇಹೋಗುತ್ತಿತ್ತಾದ್ದರಿಂದ, ಅವರು ನಾಲ್ಕು ನಾಲ್ಕು ಜಿಬಿಯ ಎರಡು ಹೊಸ ಸ್ಟಿಕ್‌ಗಳನ್ನು ಕೊಂಡು ತಂದರು. ಹಾಕಿದರೆ ಪರದೆ ಕಪ್ಪು. ಮಾರಿದವರು ಸ್ಟಿಕ್ ಬದಲಾಯಿಸಿ ಕೊಟ್ಟರೂ ಹಾಗೆಯೇ, ಬೇರೆ ಕಂಪನಿಯದನ್ನು ಕೊಟ್ಟರೂ ಹಾಗೆಯೇ. ಕೊನೆಗೆ ಬೋರ್ಡೇ ಕೆಟ್ಟಿದೆ, ಹೊಸ ಸಿಸ್ಟಮ್ ಕೊಳ್ಳುವುದೇ ಒಳ್ಳೆಯದು ಎಂದುಬಿಟ್ಟರು. ಮಾಲೀಕರು ನನ್ನ ಬಳಿ ಬಂದು, "ಸಾರ್, ಹಳೇದು ಹಾಕಿದ್ರೆ ಚೆನ್ನಾಗಿ ನಡೀತದೆ, ಹೊಸದು ಹಾಕಿದ್ರೆ ಕೂಗ್ತದೆ, ಬೋರ್ಡು ಹೋಗಿದ್ರೆ ಹಳೇದಾದ್ರೂ ಹೇಗೆ ನಡೀತದೆ?" ಎಂದು ಕೇಳಿದರು. ಬಹಳ ಸರಿಯಾದ ಪ್ರಶ್ನೆ. ಮಾರಿದವರು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆಯೂ ಅದೇ.

ಮುಚ್ಚಳ ತೆಗೆದು ಓದಿದರೆ ಅದು ಜಿ41 ಎಂಬ ಚಿಪ್‌ಸೆಟ್‌ನ, ಎಂದರೆ ಪ್ರೊಸೆಸರಿಗೂ ರ‍್ಯಾಮಿಗೂ ನಡುವೆ ಸಂಪರ್ಕ ನೋಡಿಕೊಳ್ಳುವ ಚಿಪ್‌ನ, ಬೋರ್ಡ್. ಇಂಟೆಲ್‌ನ ಕೋರ್ 2 ಡ್ಯುಯೊ ಪ್ರೊಸೆಸರ್ ಕಾಲದ್ದು. ಹೊಸ ಸ್ಟಿಕ್ ಕೈಗೆತ್ತಿಕೊಂಡು ನೋಡಿದರೆ ಒಂದೇ ಬದಿಯಲ್ಲಿ ಎಂಟು ಚಿಪ್‌ಗಳು, ಇನ್ನೊಂದು ಬದಿ ಖಾಲಿ. ಉತ್ತರ ಅಲ್ಲಿಯೇ ಇತ್ತು. ಒಂದು ಬೈಟ್‌ಗೆ ಎಂಟು ಬಿಟ್, ಆದ್ದರಿಂದ ನಾಲ್ಕು ಗಿಗಾಬೈಟ್ ಎಂದರೆ 32 ಗಿಗಾಬಿಟ್. ಅದನ್ನು ಎಂಟು ಚಿಪ್‌ಗಳಿಗೆ ಹಂಚಿದರೆ ಒಂದೊಂದಕ್ಕೆ ನಾಲ್ಕು ಗಿಗಾಬಿಟ್, ಹದಿನಾರಕ್ಕೆ ಹಂಚಿದರೆ ಎರಡೆರಡು ಗಿಗಾಬಿಟ್. ಜಿ41 ಗುರುತಿಸಬಲ್ಲದ್ದು ಎರಡು ಗಿಗಾಬಿಟ್‌ವರೆಗಿನ ಚಿಪ್‌ಗಳನ್ನು ಮಾತ್ರ. ನಾಲ್ಕು ಕ್ವಿಂಟಲ್ ಅಕ್ಕಿಯನ್ನು 25 ಕಿಲೋದ ಹದಿನಾರು ಮೂಟೆಗಳಲ್ಲಿಯೂ ತುಂಬಬಹುದು, 50 ಕಿಲೋದ ಎಂಟು ಮೂಟೆಗಳಲ್ಲಿಯೂ ತುಂಬಬಹುದು. ಹೊರುವವನಿಗೆ 25 ಕಿಲೋ ಮಾತ್ರ ಎತ್ತಲು ಸಾಧ್ಯವಿದ್ದರೆ ಎರಡನೆಯ ಲೋಡು ಇದ್ದಲ್ಲಿಯೇ ಉಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಎರಡೂ ಬದಿಯಲ್ಲಿ ಎಂಟೆಂಟು ಚಿಪ್‌ಗಳಿದ್ದ ಹಳೆಯ ಸ್ಟಿಕ್‌ಗಳನ್ನು ತರಿಸಿ ಹಾಕಿದೆವು. ಹೊಸದಕ್ಕಿಂತ ಕಡಿಮೆ ಬೆಲೆ. ಯಂತ್ರ ಏಳುವಾಗ ಮೊದಲು ಓಡುವ ಬಯಾಸ್ ತಂತ್ರಾಂಶದಲ್ಲಿ ಎಂಟು ಜಿಬಿ ಎಂದು ಕಂಡಾಗ ಅವರ ಮುಖ ಅರಳಿತು. ಕೆಟ್ಟಿದೆ ಎಂದು ತೀರ್ಪಾಗಿದ್ದ ಬೋರ್ಡಿಗೆ ಏನೂ ಆಗಿರಲಿಲ್ಲ. ಅದರ ಹೆಸರನ್ನು ಯಾರೂ ಓದಿರಲಿಲ್ಲ, ಅಷ್ಟೇ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಬಯಾಸ್ ಎಂಟು ಜಿಬಿ ತೋರಿಸಿದರೂ ವಿಂಡೋಸ್ ಮೂರು ಚಿಲ್ಲರೆ ಜಿಬಿಯನ್ನಷ್ಟೇ ಬಳಸುತ್ತಿತ್ತು. ಕಾರಣ, ಅಲ್ಲಿದ್ದದ್ದು 32 ಬಿಟ್‌ನ ವಿಂಡೋಸ್. ಅದು ನಾಲ್ಕು ಜಿಬಿಯ ಆಚೆಗೆ ನೋಡುವುದಿಲ್ಲ. 64 ಬಿಟ್‌ನದನ್ನು ಹಾಕಿದ ಮೇಲೆ ಎಲ್ಲವೂ ಸರಿಹೋಯಿತು.

ನನಗೆ ಕೊಟ್ಟಿರುವ ಸಮಯ ಮುಗಿಯುತ್ತ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಆನ್‌ಲೈನ್‌ನಲ್ಲಿ ಬಹಳ ಅಗ್ಗಕ್ಕೆ ಸಿಗುವ ಕೆಲವು ಡಿಡಿಆರ್3 ಸ್ಟಿಕ್‌ಗಳ ವಿವರದಲ್ಲಿ ಎಎಂಡಿ ಬೋರ್ಡುಗಳಿಗೆ ಮಾತ್ರ ಎಂದು ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತದೆ. ಇಂಟೆಲ್ ಬೋರ್ಡಿನವರು ಅವನ್ನು ಮುಟ್ಟಬೇಡಿ. ಸರ್ವರ್‌ಗಳಿಂದ ಕಳಚಿ ತಂದ ರಿಜಿಸ್ಟರ್ಡ್ ರ‍್ಯಾಮ್ ಕೂಡ ಅಗ್ಗವೇ, ಅದೂ ನಿಮ್ಮ ಡೆಸ್ಕ್‌ಟಾಪಿನಲ್ಲಿ ಏಳುವುದಿಲ್ಲ. 1333ರ ಜೊತೆಗೆ 1600ರ ಸ್ಟಿಕ್ ಹಾಕಿದರೆ ಎರಡೂ 1333ರ ವೇಗದಲ್ಲಿ ಓಡುತ್ತವೆ, ಅದಕ್ಕಾಗಿ ಚಿಂತಿಸಬೇಕಾಗಿಲ್ಲ.

ಸರಿಯಾದ ರ‍್ಯಾಮ್ ಹಾಕಿಯೂ ಪರದೆ ಕಪ್ಪಾಗಿದ್ದರೆ, ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಹಿಡಿದು ಒಳಗುಳಿದ ವಿದ್ಯುತ್ತನ್ನು ಖಾಲಿ ಮಾಡಿ. ಸ್ಟಿಕ್‌ನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒರೆಸಿ. ಒಂದೇ ಸ್ಟಿಕ್ ಹಾಕಿ ಪ್ರತಿಯೊಂದು ಸ್ಲಾಟಿನಲ್ಲಿಯೂ ಪರೀಕ್ಷಿಸಿ, ಆಮೇಲೆ ಇನ್ನೊಂದನ್ನು ಸೇರಿಸಿ. ಅದಕ್ಕೂ ಬಗ್ಗದಿದ್ದರೆ ಬೋರ್ಡಿನ ಗುಂಡು ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು ಮತ್ತೆ ಹಾಕಿದರೆ ಬಯಾಸ್‌ನ ಹಳೆಯ ಸೆಟ್ಟಿಂಗ್‌ಗಳು ಅಳಿಸಿಹೋಗುತ್ತವೆ. ಯಂತ್ರ ಎದ್ದು, ನಡುನಡುವೆ ನೀಲಿ ಪರದೆ ಬರುತ್ತಿದ್ದರೆ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ರಾತ್ರಿಯಿಡೀ ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ವಾರಂಟಿ ಇರುವಾಗಲೇ ಸ್ಟಿಕ್ ಹಿಂದಿರುಗಿಸಿ. ಹಿಂದಿರುಗಿಸಲು ಹೋಗುವಾಗಲೂ ಬೋರ್ಡಿನ ಹೆಸರು ಬರೆದ ಚೀಟಿ ನಿಮ್ಮ ಜೇಬಿನಲ್ಲಿರಲಿ. ನಮಸ್ಕಾರ.