ಬೆಲ್ಟ್ ಬಿಗಿದಷ್ಟೂ ಬೇರಿಂಗಿನ ಆಯಸ್ಸು ಮೊಟಕು

ಕೇಳುಗರಿಗೆ ನಮಸ್ಕಾರ. ತುಮಕೂರಿನ ಹಿಟ್ಟಿನ ಗಿರಣಿಯಿರಲಿ, ತಿಪಟೂರಿನ ಎಣ್ಣೆ ಮಿಲ್ಲಿರಲಿ, ಬೆಲ್ಟ್ ಜಾರಿದರೆ ಮೋಟರನ್ನು ಹಿಂದಕ್ಕೆಳೆದು ಬಿಗಿ ಮಾಡುವುದು ರೂಢಿ. ಕೆಲವೇ ತಿಂಗಳಲ್ಲಿ, ಶಾಫ್ಟ್ ಸರಾಗವಾಗಿ ತಿರುಗಲು ಆಸರೆಯಾಗುವ ಬೇರಿಂಗ್ ಕೂಗತೊಡಗುತ್ತದೆ. ಬೈಗುಳ ಮಾತ್ರ ಅಂಗಡಿಯವನಿಗೆ!

ಲೆಕ್ಕ ಹಾಕಿ ನೋಡೋಣ. ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ 1947ರಲ್ಲಿ ಪ್ರಕಟಿಸಿದ ಸಿದ್ಧಾಂತವೇ ಇಂದಿನ ಕ್ಯಾಟಲಾಗುಗಳಿಗೂ ತಳಹದಿ. ಕ್ಯಾಟಲಾಗಿನಲ್ಲಿ ಕೊಟ್ಟ ಬೇರಿಂಗಿನ ಹೊರೆ ಸಾಮರ್ಥ್ಯವನ್ನು ಅದರ ಮೇಲಿನ ಹೊರೆಯಿಂದ ಭಾಗಿಸಿ ಘನ ಮಾಡಿದರೆ, ಬಾಲ್ ಬೇರಿಂಗಿನ ಆಯಸ್ಸು ದಶಲಕ್ಷ ಸುತ್ತುಗಳಲ್ಲಿ ಸಿಗುತ್ತದೆ. 30 ಮಿ.ಮೀ. ಶಾಫ್ಟಿನ 6206 ನಂಬರಿನ ಬೇರಿಂಗಿಗೆ ಸಾಮರ್ಥ್ಯ ಸುಮಾರು 2000 ಕೆ.ಜಿ. ಹೊರೆ 200 ಕೆ.ಜಿ. ಇದ್ದರೆ ನೂರು ಕೋಟಿ ಸುತ್ತು. ನಿಮಿಷಕ್ಕೆ 1440 ಸುತ್ತಿನ ಮೋಟರಿನಲ್ಲಿ ಅದು ಸುಮಾರು 11,500 ಗಂಟೆ. ದಿನಕ್ಕೆ 8 ಗಂಟೆಯಂತೆ ನಾಲ್ಕು ವರ್ಷಕ್ಕೆ ಹತ್ತಿರ. ಬೆಲ್ಟ್ ಬಿಗಿದು ಹೊರೆ 400 ಕೆ.ಜಿ. ಆಯಿತೆನ್ನಿ. ಆಯಸ್ಸು ಅರ್ಧಕ್ಕಿಳಿಯುವುದಿಲ್ಲ, ಎಂಟನೇ ಒಂದು ಭಾಗಕ್ಕೆ, ಅಂದರೆ ಆರು ತಿಂಗಳಿಗೆ ಇಳಿಯುತ್ತದೆ.

ಲೆಕ್ಕದಲ್ಲಿ ಬಂದ ಈ ಆಯಸ್ಸು ಗ್ಯಾರಂಟಿಯಲ್ಲ. ನೂರು ಬೇರಿಂಗುಗಳಲ್ಲಿ ತೊಂಬತ್ತು ದಾಟುವ ಗಡಿ ಅಷ್ಟೇ. ಅರ್ಧದಷ್ಟು ಬೇರಿಂಗುಗಳು ಇದರ ಐದು ಪಟ್ಟು ಓಡಬಲ್ಲವು. ಹಾಗಾಗಿ ಒಂದೇ ಬೇರಿಂಗ್ ಬೇಗ ಹೋಯಿತೆಂದು ಕಂಪನಿಯನ್ನು ಅಳೆಯಬೇಡಿ.

ಆಯಸ್ಸು ಮುಗಿಯುವುದು ಹೀಗೆ: ಗುಂಡು ಹಾದುಹೋದಾಗಲೆಲ್ಲ ರೇಸಿನ, ಅಂದರೆ ಗುಂಡುಗಳು ಓಡುವ ಉಂಗುರದ, ಮೇಲ್ಮೈಗಿಂತ ತುಸು ಒಳಗೆ ಉಕ್ಕಿನ ಮೇಲೆ ಒತ್ತಡ ಬಿದ್ದು ಮತ್ತೆ ಇಳಿಯುತ್ತದೆ. ಅಲ್ಲಿ ಕಲ್ಮಶದ ಕಣವಿದ್ದರೆ ಅದರ ಅಂಚಿನಿಂದ ಬಿರುಕು ಹುಟ್ಟಿ, ಮೇಲೆ ಬಂದು, ಚಕ್ಕೆ ಏಳುತ್ತದೆ.

ಹಾಳಾದ ಬೇರಿಂಗನ್ನು ಬಿಸಾಡುವ ಮುಂಚೆ ಬಿಚ್ಚಿ ನೋಡಿ. ಬೆಲ್ಟ್ ಓಡುವ ಚಕ್ರ, ಅಂದರೆ ಪುಲ್ಲಿಯ ಬದಿಯ ಬೇರಿಂಗಿನ ಔಟರ್ ರೇಸಿನಲ್ಲಿ, ಬೆಲ್ಟ್ ಎಳೆಯುವ ದಿಕ್ಕಿಗೆ ಮಾತ್ರ ಚಕ್ಕೆ ಎದ್ದಿದ್ದರೆ ಹೊರೆಯನ್ನು ಶಂಕಿಸಿ. ಗುಂಡಿನ ಅಂತರಕ್ಕೆ ಸರಿಯಾಗಿ ಒಂದೊಂದು ತಗ್ಗು ಕಂಡರೆ ಕೂರಿಸುವಾಗ ಔಟರ್ ರೇಸಿಗೆ ಸುತ್ತಿಗೆ ಏಟು ಬಿದ್ದಿದೆ. ಶಾಫ್ಟಿಗೆ ಹಾಕುವಾಗ ಇನ್ನರ್ ರೇಸಿಗಷ್ಟೇ ತಾಗುವ ಪೈಪ್ ಇಟ್ಟು ಒತ್ತಬೇಕು. ಎಲ್ಲೆಂದರಲ್ಲಿ ಸಣ್ಣ ತಗ್ಗುಗಳಿದ್ದರೆ ಬೀಸುಕಲ್ಲಿನ ಪುಡಿ, ಮಣ್ಣು ಒಳಹೊಕ್ಕಿದೆ. ತಗಡಿನ ಮುಚ್ಚಳದ, ಝಡ್‌ಝಡ್ ಗುರುತಿನ ಬೇರಿಂಗ್ ಬದಲು ರಬ್ಬರ್ ಸೀಲಿನ, ಟೂ ಆರ್‌ಎಸ್ ಗುರುತಿನದನ್ನು ಕೇಳಿ ಪಡೆಯಿರಿ.

ಇನ್ನು ಬೆಲ್ಟ್. ಎರಡು ಪುಲ್ಲಿಗಳ ನಡುವೆ ಒಂದು ಮೀಟರಿದ್ದರೆ, ಬಿ ಸೈಜಿನ ಬೆಲ್ಟನ್ನು ಮಧ್ಯದಲ್ಲಿ 2ರಿಂದ 3 ಕೆ.ಜಿ. ಬಲದಿಂದ ಒತ್ತಿದಾಗ ಸುಮಾರು 16 ಮಿ.ಮೀ. ತಗ್ಗಬೇಕು. ಅಷ್ಟಿದ್ದೂ ಜಾರಿದರೆ ಪುಲ್ಲಿಯಲ್ಲಿ ಬೆಲ್ಟ್ ಕೂರುವ ತೋಡು ಸವೆದಿದೆಯೇ, ಬೆಲ್ಟ್ ಅದರ ತಳ ಮುಟ್ಟಿದೆಯೇ ನೋಡಿ. ಮೋಟರ್ ಬೋಲ್ಟಿಗೆ ಸ್ಪ್ಯಾನರ್ ಹಾಕಬೇಡಿ.