ಕೆರೆ ಕಾಯುವವರಿಗೆ ಅಧಿಕೃತ ಸ್ಥಾನ ಬೇಕು

ನಮಸ್ಕಾರ. ಬೆಂಗಳೂರಿನ ಕೆರೆಗಳ ಮಾತು ಬಂದಾಗಲೆಲ್ಲ ನಮಗೆ ಮೊದಲು ನೆನಪಾಗುವುದು ಬೆಳ್ಳಂದೂರಿನ ನೊರೆ, ಮತ್ತು 2017 ಹಾಗೂ 2018ರಲ್ಲಿ ಅದೇ ಕೆರೆಯಲ್ಲಿ ಎದ್ದ ಬೆಂಕಿ. ಅಲ್ಲಿಂದ ಹೆಚ್ಚು ದೂರವಿಲ್ಲದ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯ ಕಥೆ ಬೇರೆ. ಕಸ ಮತ್ತು ಕೊಳಚೆ ತುಂಬಿ ಬಹುಮಟ್ಟಿಗೆ ಸತ್ತೇಹೋಗಿದ್ದ ಆ ಕೆರೆಯನ್ನು ಸುತ್ತಲಿನ ನಿವಾಸಿಗಳು, ಪರಿಸರ ತಜ್ಞರು ಮತ್ತು ಮಹಾನಗರ ಪಾಲಿಕೆ ಒಟ್ಟಾಗಿ ಕುಳಿತು ಯೋಜನೆ ರೂಪಿಸಿ, 2011ರ ಹೊತ್ತಿಗೆ ಮತ್ತೆ ನೀರು ನಿಲ್ಲುವಂತೆ ಮಾಡಿದರು. ಇಂದು ಅಲ್ಲಿ ಬೆಳಗಿನ ನಡಿಗೆಯವರೂ ಇದ್ದಾರೆ, ದನಗಳಿಗೆ ಹುಲ್ಲು ಕೊಯ್ದು ಹೊರೆ ಹೊತ್ತು ಹೋಗುವವರೂ ಇದ್ದಾರೆ. ಈ ಎರಡನೆಯವರಿಗೂ ಜಾಗ ಉಳಿದದ್ದನ್ನು ನಾನು ಆ ಕೆಲಸದ ದೊಡ್ಡ ಗೆಲುವೆಂದು ಭಾವಿಸುತ್ತೇನೆ.

ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯದು ಇನ್ನೊಂದು ಬಗೆಯ ಸಂಕಟ. ಸುತ್ತಲೂ ಕಟ್ಟಡಗಳು ಎದ್ದು ಜಲಾನಯನ ಪ್ರದೇಶವೇ ತುಂಡಾಗಿದ್ದರಿಂದ, ಮಳೆ ಬಂದರೂ ಕೆರೆಗೆ ಬರಬೇಕಾದ ನೀರಿಗೆ ದಾರಿಯಿರಲಿಲ್ಲ. 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡ ಬಡಾವಣೆಯ ನಿವಾಸಿಗಳು ಮರುವರ್ಷ ಪಾಲಿಕೆಯೊಂದಿಗೆ ನಿರ್ವಹಣೆಯ ಒಪ್ಪಂದಕ್ಕೆ ಸಹಿ ಹಾಕಿದರು. ಮುಂದೆ ಪಕ್ಕದ ವಸತಿ ಸಮುಚ್ಚಯದಲ್ಲಿ ಶುದ್ಧೀಕರಿಸಿದ ನೀರನ್ನೇ ಕೆರೆಗೆ ಹರಿಸುವ ವ್ಯವಸ್ಥೆಯಾಯಿತು. ಚರಂಡಿಗೆ ಹೋಗುತ್ತಿದ್ದ ನೀರು ಕೆರೆಯ ಪಾಲಾಯಿತು. ಜಕ್ಕೂರಿನಲ್ಲಿ ಇದೇ ತತ್ವ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ. ಅಲ್ಲಿ ಜಲಮಂಡಳಿಯ ಕೊಳಚೆ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಜೊಂಡು ಬೆಳೆದ ಜೌಗು ಪ್ರದೇಶದಲ್ಲಿ ನಿಧಾನವಾಗಿ ಹಾಯ್ದು, ಅಲ್ಲಿ ಮತ್ತಷ್ಟು ತಿಳಿಯಾಗಿ, ಆಮೇಲೆ ಕೆರೆಯನ್ನು ಸೇರುತ್ತದೆ.

ಕೆರೆಯ ಹೂಳೆತ್ತಿ, ಏರಿ ಭದ್ರಪಡಿಸಿ, ಬೇಲಿ ಹಾಕುವುದು ಗುತ್ತಿಗೆದಾರರಿಂದ ಆಗುವ ಕೆಲಸ. ಉದ್ಘಾಟನೆಯ ಮರುದಿನದಿಂದ ಶುರುವಾಗುವ ಕೆಲಸವೇ ಕಷ್ಟದ್ದು, ಮತ್ತು ಅದು ಸದಾ ಅಲ್ಲೇ ಓಡಾಡುವವರಿಂದ ಮಾತ್ರ ಸಾಧ್ಯ. ರಾಜಕಾಲುವೆ ಕೆರೆಗೆ ಸೇರುವ ಜಾಗವನ್ನು ಒಮ್ಮೆ ಬೆಳಗಿನ ಹೊತ್ತು ಹೋಗಿ ನೋಡಿ. ನೀರಿನ ಬಣ್ಣ ನಿನ್ನೆಗಿಂತ ಕಪ್ಪಾಗಿದೆಯೇ, ಅಂಚಿನಲ್ಲಿ ನೊರೆ ಕಟ್ಟಿದೆಯೇ, ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿವೆಯೇ ಎಂಬುದನ್ನು ಗಮನಿಸುವ ಕಣ್ಣು ಬೇಕು. ಬೇಸಿಗೆಯ ಕೊನೆಗೆ ಬರುವ ಮೊದಲ ಜೋರು ಮಳೆ ಚರಂಡಿಗಳಲ್ಲಿ ತಿಂಗಳುಗಟ್ಟಲೆ ನಿಂತ ಕೊಳಕನ್ನೆಲ್ಲ ಒಮ್ಮೆಲೇ ಕೆರೆಗೆ ತಳ್ಳಿದಾಗ, ನೀರಿನಲ್ಲಿ ಕರಗಿದ ಆಮ್ಲಜನಕ ಕುಸಿದು ಮೀನುಗಳು ರಾಶಿರಾಶಿಯಾಗಿ ಸಾಯುತ್ತವೆ. ಎಲ್ಲೋ ಮೇಲುಗಡೆ ಒಡೆದ ಒಳಚರಂಡಿಯ ಸುಳಿವನ್ನು ಕೆಲವು ಗಂಟೆ ಮೊದಲು ಹಿಡಿಯುವವರು ಇದ್ದರೆ ಅನಾಹುತವನ್ನು ತಡೆಯಬಹುದು, ಕನಿಷ್ಠ ತಗ್ಗಿಸಬಹುದು. ಹಳ್ಳಿಗಳಲ್ಲಿ ತೂಬು ತೆಗೆದು ಮುಚ್ಚುತ್ತಿದ್ದ ನೀರಗಂಟಿ ಮಾಡುತ್ತಿದ್ದುದೂ ಇಂಥ ಕಾವಲನ್ನೇ. ಆದರೆ ಊರು ಅವನಿಗೆ ಹೊಣೆಯ ಜೊತೆಗೆ ಹಕ್ಕನ್ನೂ ಕೊಟ್ಟಿತ್ತು.

ನಗರದ ಕೆರೆ ಕಾಯುವವರಿಗೆ ಇಲ್ಲದಿರುವುದು ಆ ಹಕ್ಕು. ಹೆಬ್ಬಾಳ, ನಾಗವಾರ, ಅಗರದಂಥ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ವಹಿಸಿಕೊಡುವ ಪ್ರಯತ್ನ ನಡೆದಾಗ, 2008ರಲ್ಲಿ ಅದು ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ಹೈಕೋರ್ಟ್ ಮೆಟ್ಟಿಲೇರಿತು. ಕೆರೆ ಎಲ್ಲರ ಸೊತ್ತು, ವ್ಯಾಪಾರಕ್ಕೆ ಬಿಡಬಾರದು ಎಂಬ ಆ ಹೋರಾಟದ ನಿಲುವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. 2020ರಲ್ಲಿ, ಕೆರೆಗಳ ವಿಷಯದಲ್ಲಿ ಪಾಲಿಕೆ ಖಾಸಗಿಯವರೊಂದಿಗೆ ಒಪ್ಪಂದ ಮಾಡಿಕೊಳ್ಳದಂತೆ ನ್ಯಾಯಾಲಯ ತಡೆದಾಗಲೂ ಅದರ ಹಿಂದಿದ್ದುದು ಇದೇ ಕಾಳಜಿ. ಆದರೆ ಲಾಭಕ್ಕೆ ಬರುವ ಕಂಪನಿಯನ್ನೂ, ಸ್ವಂತ ದುಡ್ಡು ಹಾಕಿ ಕಳೆ ಕೀಳುವ ನಿವಾಸಿಗಳ ಟ್ರಸ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತಾಗಿ, ಟ್ರಸ್ಟ್‌ಗಳ ಒಪ್ಪಂದಗಳೂ ನನೆಗುದಿಗೆ ಬಿದ್ದವು. ಒಪ್ಪಂದವಿಲ್ಲದಾಗ ಕಾವಲುಗಾರನ ಸಂಬಳ ಯಾರು ಕೊಡಬೇಕು, ಕೊಳಚೆ ಬಿಡುವವರನ್ನು ಯಾವ ಅಧಿಕಾರದಿಂದ ತಡೆಯಬೇಕು ಎಂಬುದಕ್ಕೆಲ್ಲ ಉತ್ತರವೇ ಇರುವುದಿಲ್ಲ.

ಸಮುದಾಯ ಎಂದ ಮಾತ್ರಕ್ಕೆ ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘವೆಂದು ಅರ್ಥ ಮಾಡಿಕೊಳ್ಳುವುದು ತಪ್ಪು. ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ಹಸು ಸಾಕಿದವರು, ಕೆರೆಯಂಗಳದ ಪಕ್ಕದ ಹಳೆಯ ಹಳ್ಳಿಯವರು ಇವರೆಲ್ಲರಿಗೂ ಕೆರೆಯ ಮೇಲೆ ನಮಗಿಂತ ಹಳೆಯ ಹಕ್ಕಿದೆ. ಬೇಲಿ ಹಾಕಿ, ನಡಿಗೆಪಥ ಮಾಡಿ, ಇವರನ್ನು ಹೊರಗಿಟ್ಟ ಕೆರೆ ನೋಡಲು ಚೆಂದವಿರಬಹುದು, ಆದರೆ ಆಪತ್ತು ಬಂದಾಗ ಅದರ ಪರವಾಗಿ ದನಿಯೆತ್ತುವವರು ಅಷ್ಟೇ ಕಡಿಮೆಯಾಗುತ್ತಾರೆ.

ಈಗ ಬೆಂಗಳೂರು ಐದು ಪಾಲಿಕೆಗಳಾಗಿ ಹಂಚಿಹೋಗಿದೆ. ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ ಹರಿಯುವಾಗ ಪಾಲಿಕೆಯ ಗಡಿ ನೋಡುವುದಿಲ್ಲ. ಆದ್ದರಿಂದ ನನ್ನ ಒತ್ತಾಯವಿಷ್ಟು: ಪ್ರತಿಯೊಂದು ಕೆರೆಗೂ ಈ ಎಲ್ಲ ವರ್ಗದವರನ್ನು ಒಳಗೊಂಡ, ಕಾನೂನಿನ ಬಲವುಳ್ಳ ಸಮಿತಿಯೊಂದನ್ನು ರಚಿಸಬೇಕು. ಒಂದೇ ಸರಣಿಯ ಕೆರೆಗಳ ಸಮಿತಿಗಳು ಆಗಾಗ ಒಟ್ಟಿಗೆ ಕೂಡಬೇಕು. ಖರ್ಚುವೆಚ್ಚದ ಲೆಕ್ಕ ಬಹಿರಂಗವಾಗಿರಬೇಕು. ಕೆರೆಗೆ ಬರುವ ನೀರಿನ ಪರೀಕ್ಷೆಯ ಫಲಿತಾಂಶವನ್ನು ಪ್ರತಿ ತಿಂಗಳು ಕೆರೆಯ ಬಾಗಿಲಲ್ಲೇ, ಎಲ್ಲರೂ ಓದುವಂತೆ ಕನ್ನಡದಲ್ಲಿ ಬರೆದು ಹಾಕಬೇಕು. ಈ ಕೊನೆಯ ಕೆಲಸಕ್ಕೆ ಹೊಸ ಕಾಯ್ದೆಯೂ ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ. ಐದೂ ಪಾಲಿಕೆಗಳು ಇದನ್ನು ಮುಂದಿನ ತಿಂಗಳಿನಿಂದಲೇ ಶುರುಮಾಡಬಹುದು.